ಗುರುತಿಲ್ಲದ ಮಡಕೆಗಳು

ಹುರುಳಿ ಬೇಯುವ ವಾಸನೆ ಬಂದರೆ ಈಗಲೂ ನನಗೆ ಪಿರಿಯಾಪಟ್ಟಣದ ಕಡೆಯ ನಮ್ಮೂರು, ಹೊಗೆಸೊಪ್ಪನ್ನು ಒಲೆಯ ಕಾವಿನಲ್ಲಿ ಒಣಗಿಸಿ ಹದಮಾಡುತ್ತಿದ್ದ ತಾತನ ಬ್ಯಾರನ್ ಮನೆ ನೆನಪಾಗುತ್ತವೆ.

ಬ್ಯಾರನ್ ಒಲೆ ಹಗಲಿರುಳೂ ಉರಿಯುವ ದಿನಗಳಲ್ಲಿ ಬೀದಿಯ ಹೆಂಗಸರು ಮನೆಯಲ್ಲಿ ಸೌದೆ ಸುಡುತ್ತಿರಲಿಲ್ಲ. ತಾತ ಎಳೆದು ಹಾಕಿದ ಬಿಸಿ ಬೂದಿಯಲ್ಲೇ ಸಾರಿನ ಮಡಕೆ ಹೂತಿಡುತ್ತಿದ್ದರು. ಗುರುತಿಗೆಂದು ಮಡಕೆಯ ಕತ್ತಿಗೆ ಬಣ್ಣದ ಬಟ್ಟೆಚೂರು ಕಟ್ಟುತ್ತಿದ್ದರು. ಒಬ್ಬರ ಮಡಕೆಯದನ್ನು ಇನ್ನೊಬ್ಬರು ಉಣ್ಣುವಂತಿರಲಿಲ್ಲ. ನಮ್ಮಜ್ಜಿಯಂತೂ ಪಕ್ಕದ ಮನೆಯ ನೀರನ್ನೂ ಮುಟ್ಟುತ್ತಿರಲಿಲ್ಲ.

ಒಂದು ಮಧ್ಯಾಹ್ನ, ಬೇಗ ಬೇಯಲೆಂದು ಅಜ್ಜಿಯೇ ಎಲ್ಲ ಮಡಕೆಗಳ ಕತ್ತಿನವರೆಗೂ ಕೆಂಡ ಒಟ್ಟಿದಳು. ಹೊರತೆಗೆದಾಗ ಬಟ್ಟೆಗಳೆಲ್ಲ ಸುಟ್ಟುಹೋಗಿದ್ದವು. ಮಡಕೆಗಳೆಲ್ಲ ಒಂದೇ ಕಪ್ಪು. ನಾನು ಮುಚ್ಚಳ ತೆಗೆದು ನೋಡಿದರೆ, ಎಲ್ಲದರಲ್ಲೂ ಹುರುಳಿ ಸಾರು!

“ಈಗ ಏನವ್ವ ಮಾಡಾದು?” ಎಂದಳು ಪಕ್ಕದ ಮನೆಯ ಸಾಕಮ್ಮ.

ತಾತ ನಕ್ಕರು. “ಚೆಲ್ಲಾಕಾಯ್ತದಾ? ಇಲ್ಲೇ ಕುಂತ್ಕೊಂಡು ಉಣ್ರವ್ವ.”

ಎಲ್ಲರೂ ಅಜ್ಜಿಯ ಕಡೆ ನೋಡಿದರು. ಅವಳು ಹತ್ತಿರದ ಮಡಕೆಗೆ ಸೌಟು ಹಾಕಿ, ಅಂಗೈಗೆ ಸುರಿದುಕೊಂಡು ನೆಕ್ಕಿದಳು.

“ಯಾರ್ದಾರ ಆಗ್ಲಿ ಬುಡ್ರೇ, ಉಪ್ಪು ಸರ್ಯಾಗೈತೆ!”

ಬ್ಯಾರನ್ ಮುಂದೆ ನಗುವೋ ನಗು.

ಮರುದಿನ ಬಂದ ಮಡಕೆಗಳಲ್ಲಿ ಒಂದಕ್ಕೂ ಬಟ್ಟೆಚೂರು ಇರಲಿಲ್ಲ. ಅಜ್ಜಿಯದಕ್ಕೂ.