ಎರಡನೇ ಸುತ್ತಿನ ಕಳ್ಳ

ಎಡಗಿವಿಯ ಮೇಲಿನ ಕೂದಲು ಕತ್ತರಿಸಿ ಮುಗಿದಿತ್ತು, ಬಲಗಡೆಯದು ಬಾಕಿ ಇತ್ತು. ಅಷ್ಟರಲ್ಲಿ ಡಿಜೆಗೆ ತನ್ನದೇ ಹಾಡು ಕೇಳಿಸಿತು.

ಕೇಳಿಸಬಾರದಾಗಿತ್ತು. ಅದು ಇನ್ನೂ ಬಿಡುಗಡೆಯೇ ಆಗಿರಲಿಲ್ಲ.

"ಇದೆಲ್ಲಿ ಸಿಕ್ತು ನಿಮಗೆ?"

"ನಿನ್ನೆಯಿಂದ ಎಲ್ಲರ ಫೋನಲ್ಲೂ ಇದೇ ಸಾರ್," ಎಂದ ಕ್ಷೌರಿಕ, ಕತ್ತರಿಯಲ್ಲೇ ತಾಳ ಹಾಕುತ್ತ. "ಹನ್ನೊಂದು ಹಾಡು. ಏಳು ವರ್ಷದ ಹಿಂದೆ 'ಮೊದಲ ಸುತ್ತು' ಅಂತ ಒಂದು ಆಲ್ಬಂ ಬಂದಿತ್ತಲ್ಲ, ಅದೇ ಡಿಜೆದಂತೆ. ನಂಗೇನೋ ಅದಕ್ಕಿಂತ ಇದೇ ಹಿಡಿಸ್ತು. ಕಟ್ಟಕಡೇಲಿ ಒಂದು ಕರ್ ಕರ್ ಬರುತ್ತೆ ನೋಡಿ... ಅರೆ, ಸಾರ್! ಇನ್ನೊಂದು ಕಡೆ ಬಾಕಿ ಇದೆ!"

ಹನ್ನೊಂದೂ ಹಾಡನ್ನು ತನ್ನ ಫೋನಿಗೆ ಹಾಕಿಸಿಕೊಂಡ ಡಿಜೆ, ಕೊರಳಿನ ಟವೆಲ್ಲನ್ನೂ ಬಿಚ್ಚದೆ ಬೀದಿಗಿಳಿದಿದ್ದ.

ಅವನ ಸ್ಟುಡಿಯೊ ಇದ್ದದ್ದು ಅಕ್ಕನ ಟೈಲರ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಈ ಹೊಸ ಆಲ್ಬಂ 'ಎರಡನೇ ಸುತ್ತು' ಹೊರಬಂದ ದಿನವೇ ಕೋಣೆ ಖಾಲಿ ಮಾಡುತ್ತೇನೆ ಎಂದು ಮಾತು ಕೊಟ್ಟು ಸೇರಿಕೊಂಡು ಆರು ವರ್ಷವಾಗಿತ್ತು. ಅಷ್ಟೂ ವರ್ಷ ಅಕ್ಕನ ಕಟಿಂಗ್ ಟೇಬಲ್ ವರಾಂಡದಲ್ಲಿ ಪ್ಲಾಸ್ಟಿಕ್ ಹೊದ್ದು ನಿಂತಿತ್ತು. ಅಳತೆ ಕೊಡಲು ಬಂದವರು ಅದಕ್ಕೆ ಮೊಣಕಾಲು ತಾಗಿಸಿಕೊಂಡು, ಸಂಗೀತಕ್ಕೆ ಬಾಯಿಗೆ ಬಂದಂತೆ ಬೈದುಕೊಂಡು ಒಳಬರುತ್ತಿದ್ದರು.

"ಏನೋ ಇದು ತಲೆ?" ಎಂದಳು ಅಕ್ಕ, ಮಷಿನ್ ನಿಲ್ಲಿಸದೆ. "ಯಾವ ಕೆಲಸಾನೂ ಪೂರ್ತಿ ಮುಗಿಸಲ್ಲ ಅಂತ ಆಣೆ ಮಾಡಿದ್ದೀಯಾ?"

"ಯಾರೋ ಆಲ್ಬಂ ಕದ್ದು ಹೊರಗೆ ಬಿಟ್ಟಿದ್ದಾರೆ ಅಕ್ಕ!"

"ಅಯ್ಯೋ ಪಾಪ. ನೀನು ಪೂರ್ತಿ ಕೇಳಿದ್ಯಾ?"

"ಇನ್ನೂ ಇಲ್ಲ."

"ಕೇಳು. ಕೊನೇವರೆಗೂ ಕೇಳು," ಎಂದು ಅವಳು ಹಲ್ಲಿನಿಂದ ದಾರ ಕಡಿದಳು.

ಕಳ್ಳನನ್ನು ಹಿಡಿಯುವುದು ಡಿಜೆಗೆ ಚಿಟಿಕೆ ಹೊಡೆದಷ್ಟು ಸುಲಭವಾಗಿತ್ತು. ಆಲ್ಬಂಗೆ ಅತಿಥಿ ರ‍್ಯಾಪರ್‌ಗಳು ಮೂವರು. ಮೂವರಿಗೂ ಒಂದೊಂದು ಪ್ರತಿ ಕೊಡುವಾಗ ಅವನು ಗುಟ್ಟಾಗಿ ಗುರುತು ಹಾಕಿದ್ದ. ತಿರುಗುವ ರೆಕಾರ್ಡನ್ನು ಬೆರಳಲ್ಲಿ ಹಿಂದಕ್ಕೆಳೆದರೆ 'ಕರ್' ಎನ್ನುತ್ತದಲ್ಲ, ಆ ಸದ್ದು. ಕೊನೆಯ ಹಾಡಿನ ಕೊನೆಗೆ ಮೇಷ್ಟ್ರ ಪ್ರತಿಯಲ್ಲಿ ಒಂದು, ಪಾದರಸಳದರಲ್ಲಿ ಎರಡು, ಗುಡುಗನದರಲ್ಲಿ ಮೂರು. ಮನೆಗೆ ಬೆಂಕಿ ಬಿದ್ದರೂ ಒಂದು ಉಳಿಯಲಿ ಎಂದು ನಾಲ್ಕನೆಯ ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಅಕ್ಕನ ಗುಂಡಿ ಡಬ್ಬಿಯಲ್ಲಿ ಇಡಿಸಿದ್ದ. ಕೈ ಓಡುತ್ತಿತ್ತಲ್ಲ, ಅದಕ್ಕೂ ನಾಲ್ಕು ಎಳೆದಿದ್ದ.

ಮಧ್ಯಾಹ್ನದೊಳಗೆ ಮೂವರೂ ಬಂದು ಕುಳಿತರು. ಹಗಲು ಲೆಕ್ಕದ ಪಾಠ ಹೇಳುವ ಮೇಷ್ಟ್ರು. ಉಸಿರು ಬಿಡದೆ ನಿಮಿಷಕ್ಕೆ ಮುನ್ನೂರು ಮಾತು ಉದುರಿಸುವ ಪಾದರಸ. ಪಿಸುಗುಟ್ಟಿದರೂ ಪಕ್ಕದ ಮನೆಗೆ ಕೇಳಿಸುವ ಗುಡುಗ.

"ಹೊಸ ಸ್ಟೈಲಾ ಗುರು?" ಎಂದಳು ಪಾದರಸ, ಅವನ ತಲೆ ನೋಡಿ. "ಇದೂ ಆರು ವರ್ಷ ಹಿಡಿಯುತ್ತಾ?"

"ನಗಬೇಡ. ನಿಮ್ಮಲ್ಲೊಬ್ಬರು ಕಳ್ಳರು. ಯಾರ ಗುರುತು ಕೇಳಿಸುತ್ತೋ ಅವರ ಸಾಲುಗಳು ಆಲ್ಬಂನಿಂದ ಹೊರಗೆ!"

ಮೂವರೂ ಮುಖ ಮುಖ ನೋಡಿಕೊಂಡರು. ಆ ಸಾಲುಗಳಿಗಾದರೂ ಕಡಿಮೆ ವಯಸ್ಸಾಗಿರಲಿಲ್ಲ. ಹಾಡಿನಲ್ಲಿ ತನ್ನ ಮ್ಯಾನೇಜರನ ಮಾನ ಹರಾಜು ಹಾಕಿದ್ದ ಪಾದರಸ ಈಗ ತಾನೇ ಮ್ಯಾನೇಜರ್ ಆಗಿದ್ದಳು. ಗಾಳಿಗೆ ಹಾರುವ ಕೂದಲನ್ನು ಹೊಗಳಿಕೊಂಡಿದ್ದ ಮೇಷ್ಟ್ರ ತಲೆ ಬೋಳಾಗಿತ್ತು. ಯಾವ ಹೆಣ್ಣಿಗೂ ಸಿಗದ ಒಂಟಿ ಸಲಗ ತಾನೆಂದು ಹಾಡಿದ್ದ ಗುಡುಗನಿಗೆ ಅವಳಿ ಮಕ್ಕಳು. ಡಿಜೆ ಮಾತ್ರ ತಿಂಗಳಿಗೊಮ್ಮೆ ಡ್ರಮ್ ಬದಲಿಸಿ, "ಇನ್ನೊಂದೇ ಒಂದು ಸಲ" ಎನ್ನುತ್ತಿದ್ದ. ಮೊದಲಿನಷ್ಟು ಚೆನ್ನಾಗಿಲ್ಲ ಎಂದು ಜನ ಅಂದುಬಿಟ್ಟರೆ? ಆ ಒಂದು ಭಯಕ್ಕೆ ಆರು ವರ್ಷದ ನಿದ್ದೆ ಬಲಿ ಕೊಟ್ಟಿದ್ದ.

ಅವನು ಫೋನನ್ನು ಸ್ಪೀಕರಿಗೆ ಜೋಡಿಸಿ ಕೊನೆಯ ಹಾಡು ಹಾಕಿದ. ಗುಡುಗನ ಅಬ್ಬರ ಇಳಿಯಿತು, ತಾಳ ನಿಂತಿತು.

ಕರ್.

"ಮೇಷ್ಟ್ರೇ! ನೀವಾ!"

"ಅವಸರ ಬೇಡ," ಎಂದರು ಮೇಷ್ಟ್ರು. "ಎಣಿಸ್ತಾ ಇರು."

ಕರ್ ಕರ್.

ಡಿಜೆಯ ಬೆರಳು ಪಾದರಸಳತ್ತ ಹೊರಳಿತು. ಅವಳು ತನ್ನ ಉಗುರು ನೋಡಿಕೊಂಡಳು.

ಕರ್ ಕರ್ ಕರ್.

ಗುಡುಗ ಹುಟ್ಟಿದ ಮೇಲೆ ಮೊದಲ ಸಲ ಮೆಲ್ಲಗೆ ಮಾತಾಡಿದ. "ಮಕ್ಕಳು ಸ್ಕೂಲಿಗೆ ಸೇರೋದ್ರೊಳಗಾದ್ರೂ ಬರಲಿ ಅಂತ, ಗುರು."

"ಗುರುತು ಹೇಗೆ ಗೊತ್ತಾಯ್ತು ನಿಮಗೆ?"

"ನನ್ನ ದನಿ ಇವರಿಬ್ಬರಿಗಿಂತ ಸಣ್ಣಗೆ ಇಟ್ಟಿದ್ದೀಯ ಅಂತ ನಂಗೆ ಅನುಮಾನ," ಎಂದಳು ಪಾದರಸ. "ಅವರಿಗೂ ಅದೇ ಅನುಮಾನ. ಮೂರು ಪ್ರತೀನೂ ಒಟ್ಟಿಗೆ ಹಾಕಿ ಕೇಳಿದ್ವಿ. ದನಿ ಒಂದೇ ಸಮ ಇತ್ತು. ಕರ್ ಕರ್ ಮಾತ್ರ ಹೆಚ್ಚುಕಮ್ಮಿ. ಮೂರನ್ನೂ ಕತ್ತರಿಸಿ ಸಾಲಾಗಿ ಜೋಡಿಸಿಬಿಟ್ವಿ."

"ಕತ್ತರಿಸಿ ಜೋಡಿಸೋಕೆ ನಿಮಗ್ಯಾರು ಹೇಳಿಕೊಟ್ರು?"

ಮೇಷ್ಟ್ರು ಫೋನಿನತ್ತ ಬೆರಳು ತೋರಿದರು. ಫೋನಿನ ಪರದೆಯ ಮೇಲೆ ಸೆಕೆಂಡುಗಳು ಇನ್ನೂ ಓಡುತ್ತಿದ್ದವು. ಅದನ್ನು ನೋಡುವ ಸ್ಥಿತಿಯಲ್ಲಿ ಡಿಜೆ ಇರಲಿಲ್ಲ.

"ಮೂವರನ್ನೂ ತೆಗೆದುಹಾಕ್ತೀನಿ! ಎಲ್ಲಾ ಮೊದಲಿಂದ ಮಾಡ್ತೀನಿ, ಇನ್ನಾರು ವರ್ಷ ಹಿಡಿದರೂ ಸರಿ! ನಂಬೋಕೆ ಅಂತ ನಂಗೆ ಉಳಿದಿರೋದು ಅಕ್ಕ ಒಬ್ಬಳೇ!"

ಕರ್ ಕರ್ ಕರ್ ಕರ್.

ಮುಂದಿನ ಕೋಣೆಯಲ್ಲಿ ಮಷಿನ್ ನಿಂತಿತು. ಅಕ್ಕ ಕೊರಳಲ್ಲಿದ್ದ ಟೇಪು ತೆಗೆಯುತ್ತ ಒಳಬಂದು, ಕಟಿಂಗ್ ಟೇಬಲ್ಲಿಗೆಂದು ಡಿಜೆಯ ಬೆನ್ನ ಹಿಂದಿನ ಗೋಡೆಯ ಅಳತೆ ತೆಗೆದುಕೊಳ್ಳತೊಡಗಿದಳು.