ಹಿಮದ ಮೇಲೆ ಬೂದಿ

ಬೆಳಗಿನಿಂದ ಇದು ನಾಲ್ಕನೇ ಫೋನು. ತೈಸ್ತೊ ಕಾಫಿ ಲೋಟ ಕೆಳಗಿಟ್ಟು, ಒಮ್ಮೆ ಕಣ್ಣು ಮುಚ್ಚಿ ತೆರೆದು, ಫೋನನ್ನು ಕಿವಿಗಿಟ್ಟ. ಆಸ್ಪತ್ರೆಯ ಹಾಸಿಗೆಯಿಂದ ಹೆಂಡತಿ ಇರ್ಯಾ.

“ಗಿಡಗಳಿಗೆ ಗೋಣಿ ಕಟ್ಟಿದ್ಯಾ?”

“ಕಟ್ಟಿದೀನಿ ಮಾರಾಯ್ತಿ.”

“ಬಿಸಿಲು ಬೀಳೋ ದಕ್ಷಿಣದ ಕಡೆಗೇ ತಾನೆ?”

“ನಲವತ್ತು ವರ್ಷ ರೈಲು ಓಡಿಸಿದೋನಿಗೆ ದಕ್ಷಿಣ ಯಾವ ಕಡೆ ಅಂತ ಗೊತ್ತಿಲ್ವಾ?”

“ರೈಲಿಗೆ ಹಳಿ ಇರುತ್ತೆ, ನೀನು ಅದರ ಮೇಲೆ ಕೂತಿರ್ತಿದ್ದೆ ಅಷ್ಟೆ. ಎಲೆ ಹೇಗಿದಾವೆ ಹೇಳು.”

ತೈಸ್ತೊ ಕಿಟಕಿಯಿಂದ ನೋಡಿದ. ಮಾರ್ಚ್ ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಗೋಡೆಯುದ್ದಕ್ಕೂ ಏಳು ರೋಡೋಡೆಂಡ್ರಾನ್ ಹೂಗಿಡಗಳು ಮೊಣಕಾಲುದ್ದದ ಹಿಮದಲ್ಲಿ ಹೂತು ನಿಂತಿದ್ದವು. ಎಲೆಗಳೆಲ್ಲ ಚುಟ್ಟಾದ ಹಾಗೆ ಸುರುಳಿ ಸುತ್ತಿಕೊಂಡು ಜೋತು ಬಿದ್ದಿದ್ದವು.

“ಸತ್ತಂಗಿದಾವೆ.”

“ಸತ್ತಿಲ್ಲ, ಚಳಿಗೆ ಮುದುರಿಕೊಂಡಿದಾವೆ. ಹತ್ತೊಂಬತ್ತು ವರ್ಷದಿಂದ ಪ್ರತಿ ಚಳಿಗಾಲಾನೂ ಇದೇ ಹೇಳ್ತೀಯ. ಈಗ ಅವಕ್ಕೆ ಬಾಯಾರಿಕೆ. ಬಿಸಿಲು ಎಲೆ ಒಣಗಿಸುತ್ತೆ, ನೆಲ ಕಲ್ಲಾಗಿದೆ, ಬೇರು ನೀರು ಕುಡಿಯೋದು ಹೇಗೆ? ಅದಕ್ಕೇ ನೆರಳು ಬೇಕು ಅನ್ನೋದು.”

“ಅದಿರಲಿ. ನೀನು ಇವತ್ತು ಎದ್ದು ನಿಂತ್ಯಾ?”

“ನಾಳೆ ನೋಡೋಣ,” ಎಂದು ಇಟ್ಟುಬಿಟ್ಟಳು.

ಅವಳು ಅಂಗಳದ ಮಂಜುಗಡ್ಡೆಯ ಮೇಲೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಹನ್ನೆರಡು ದಿನ. ಆಪರೇಷನ್ ಚೆನ್ನಾಗಿಯೇ ಆಗಿತ್ತು. ಆದರೆ ಇರ್ಯಾ ಹಾಸಿಗೆ ಬಿಟ್ಟೇಳಲು ಒಲ್ಲಳು. ನೋವು ಅನ್ನುತ್ತಾಳೆ, ತಲೆಸುತ್ತು ಅನ್ನುತ್ತಾಳೆ, ಭಯ ಎಂದು ಮಾತ್ರ ಬಾಯಿ ಬಿಡುವುದಿಲ್ಲ. ಈ ವಾರ ನಡೆಯದಿದ್ದರೆ ಮನೆಗಲ್ಲ, ಆರೈಕೆ ಕೇಂದ್ರಕ್ಕೇ ಕಳಿಸಬೇಕಾದೀತು ಎಂದು ಡಾಕ್ಟರು ನಿನ್ನೆ ತೈಸ್ತೊನನ್ನು ಕಾರಿಡಾರಿಗೆ ಕರೆದು ಹೇಳಿದ್ದರು. ಅವನು ಬೇಡಿಕೊಂಡ, ಬೈದ, ಅವಳಿಗಿಷ್ಟವಾದ ಅನ್ನ ತುಂಬಿದ ಕಡುಬು ಮಾಡಿಸಿಕೊಂಡು ಹೋಗಿ ಪುಸಲಾಯಿಸಿದ. ಆರು ಕಡುಬನ್ನೂ ತಿಂದು ಕಂಬಳಿ ಹೊದ್ದುಕೊಂಡಳು. ಕಾಲೂರಲು ಆಗದವಳಿಗೆ ಗಿಡಗಳ ವಿಷಯದಲ್ಲಿ ಅಪ್ಪಣೆ ಮಾಡಲು ಮಾತ್ರ ಎಲ್ಲಿಲ್ಲದ ಶಕ್ತಿ.

ಬಾಯಾರಿಕೆಯ ಮಾತು ತೈಸ್ತೊನ ತಲೆ ಕೊರೆಯಿತು. ಸುತ್ತ ಇಷ್ಟು ಹಿಮವಿದೆ, ಕರಗಿಸಿದರೆ ನೀರಲ್ಲವೇ? ಆಲೂಗಡ್ಡೆ ಪಾತಿಯ ಮೇಲೆ ಅವನು ಪ್ರತಿ ವಸಂತದಲ್ಲೂ ಬೂದಿ ಎರಚುತ್ತಿದ್ದ. ಕಪ್ಪು ಬಿದ್ದ ಕಡೆ ಬಿಸಿಲು ಹೀರಿ ಹಿಮ ಬೇಗ ಕರಗುತ್ತದೆ. ಹಬೆಸ್ನಾನದ ಸೌನಾ ಕೋಣೆಯ ಒಲೆಯ ಬೂದಿಯನ್ನು ಎರಡು ಬಕೆಟ್ ತುಂಬಿ ತಂದು ಏಳೂ ಗಿಡಗಳ ಬುಡದ ಸುತ್ತ ಧಾರಾಳವಾಗಿ ಚೆಲ್ಲಿದ. ಹೇಳಿಸಿಕೊಳ್ಳದೆ ತಾನೇ ಮಾಡಿದ ಕೆಲಸ! ಖುಷಿಯಿಂದ ಈ ಸಲ ಅವನೇ ಫೋನ್ ಮಾಡಿದ.

“ಏನು ಚೆಲ್ಲಿದೆ?” ಇರ್ಯಾಳ ದನಿ ಸಣ್ಣಗಾಯಿತು.

“ಬೂದಿ. ಎರಡು ಬಕೆಟ್.”

“ಅಯ್ಯೋ ನಿನ್ನ! ಬೂದಿ ಅಂದ್ರೆ ಸುಣ್ಣ ಇದ್ದ ಹಾಗೆ ಕಣೋ. ಹುಳಿ ಮಣ್ಣಿಲ್ದೆ ಅವು ಬದುಕಲ್ಲ ಅಂತ ಜೌಗಿನಿಂದ ಚೀಲಗಟ್ಟಲೆ ಮಣ್ಣು ಹೊತ್ತು ತಂದೋಳು ನಾನು! ಆ ಹಿಮ ಬೇರಿಗೆ ಕಂಬಳಿ. ಕಂಬಳಿ ಕಿತ್ತು, ಮೇಲೆ ವಿಷ ಬೇರೆ ಹಾಕಿದೀಯ!”

ತೈಸ್ತೊಗೂ ತಡೆಯಲಾಗಲಿಲ್ಲ. “ಗೋಣಿ ಕಟ್ಟು, ಮುಟ್ಟಬೇಡ, ಅಲುಗಾಡಿಸಬೇಡ! ಸಾಕಾಗಿ ಹೋಯ್ತು ನನಗೆ. ಅಷ್ಟು ಪ್ರೀತಿ ಇದ್ರೆ ನೀನೇ ಬಂದು ನೋಡ್ಕೋ!”

ಫೋನ್ ಕಟ್ಟಾಯಿತು. ಅಂದಮೇಲೆ ನಾಲಿಗೆ ಕಚ್ಚಿಕೊಂಡ. ಏಳಲಾರದೆ ಮಲಗಿದವಳಿಗೆ ಆಡುವ ಮಾತೇ ಇದು? ಮೂರು ಸಲ ಮಾಡಿದರೂ ಅವಳು ಎತ್ತಲಿಲ್ಲ.

ಸಲಿಕೆ ತಗೊಂಡು ಹಿಮಕ್ಕಿಳಿದ. ಪುಣ್ಯಕ್ಕೆ ಬೂದಿ ಮೇಲೆಯೇ ಇತ್ತು, ಇನ್ನೂ ಕೆಳಗಿಳಿದಿರಲಿಲ್ಲ. ಒಂದು ಗೇಣು ಆಳಕ್ಕೆ ಹಿಮದ ಪದರವನ್ನೇ ಕೆರೆದು ಕೈಗಾಡಿಗೆ ತುಂಬಿದ. ಕೊಂಬೆಗಳ ಕೆಳಗೆ ಸಲಿಕೆ ಹೋಗದ ಕಡೆ ಮಂಡಿಯೂರಿ ಕೈಯಲ್ಲೇ ಬಾಚಿದ. “ಹಾಳು ಗಿಡ, ಹಾಳು ಹೂವು,” ಎಂದು ಬೈಯುತ್ತಲೇ, ಮುಖಕ್ಕೆ ತಾಕಿದ ದಪ್ಪ ಮೊಗ್ಗುಗಳು ಮುರಿಯದ ಹಾಗೆ ತಲೆ ತಗ್ಗಿಸಿಕೊಂಡ. ನಾಲ್ಕು ಗಿಡ ಮುಗಿಯುವಷ್ಟರಲ್ಲಿ ಬೆನ್ನು ಸೀಳಿದಂತಾಯಿತು. ಆಗ ಫೋನು.

“ತೈಸ್ತೊ ಅವರಾ? ನಾನು ವಾರ್ಡಿನ ನರ್ಸ್, ಪೈವಿಕ್ಕಿ. ನಿಮ್ಮ ಹೆಂಡತಿ ಈಗ ಲಿಫ್ಟ್ ಹತ್ರ ಸಿಕ್ಕಿದ್ರು.”

“ಬಿದ್ಲಾ?”

“ಬಿದ್ದಿಲ್ಲ, ನಡ್ಕೊಂಡು ಬಂದಿದಾರೆ! ಹಾಸಿಗೆಯಿಂದ ಲಿಫ್ಟ್‌ವರೆಗೆ ನಲವತ್ತು ಮೀಟರ್. ವಾಕರ್ ಹಿಡ್ಕೊಂಡು, ಆಸ್ಪತ್ರೆ ಗೌನಿನ ಮೇಲೆ ಕೋಟು ಹಾಕ್ಕೊಂಡು. ಟ್ಯಾಕ್ಸಿ ಕರೀರಿ, ನಮ್ಮನೇಲಿ ಒಬ್ಬ ಕೊಲೆಗಾರ ಇದಾನೆ ಅಂತ ಒಂದೇ ಸಮನೆ ಕೂಗ್ತಿದಾರೆ.”

ತೈಸ್ತೊ ಹಿಮದ ಮೇಲೆ ಹಾಗೇ ಕೂತುಬಿಟ್ಟ.

“ಗಿಡಕ್ಕೆ ಏನೂ ಆಗಿಲ್ಲ ಅಂತ ಹೇಳಿ ಅವಳಿಗೆ,” ಎಂದ. “ಬೂದಿ ತೆಗೀತಾ ಇದೀನಿ. ಇನ್ನು ಮೂರೇ ಬಾಕಿ.”

ನರ್ಸ್ ಹಿಂದೆ ಇರ್ಯಾಳ ಅಬ್ಬರ ಕೇಳುತ್ತಿತ್ತು. ಅದು ಒಂದಿಷ್ಟು ದೂರವಾಗುವವರೆಗೆ ಪೈವಿಕ್ಕಿ ಕಾದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

“ಈಗ್ಲೇ ಹೇಳೋದು ಬೇಡ. ನಾಳೆ ಅವರನ್ನ ಮೆಟ್ಟಿಲು ಹತ್ತಿಸಬೇಕು. ನಿಮ್ಮ ತೋಟದಲ್ಲಿ ಕೆಡಿಸೋಕೆ ಇನ್ನೇನಾದ್ರೂ ಉಳಿದಿದ್ಯಾ?”