ಎಣ್ಣೆಯ ವಿಜ್ಞಾನ

ಬೌಲಿಂಗ್ ಕ್ಲಬ್ಬಿನ ಕೋಚ್ ಹುದ್ದೆಯ ಸಂದರ್ಶನಕ್ಕೆ ಬಂದ ಮುಕುಂದರಾಯರು ಮೂರು ಚೆಂಡು ತಂದಿದ್ದರು. ಕಮಿಟಿಯವರ ಮುಂದೆ ಮಂಡಿಯೂರಿ, ಚೆಂಡು ಉರುಳಿಸಿ ಬೀಳಿಸಬೇಕಾದ ಪಿನ್ನುಗಳವರೆಗೆ ಚಾಚಿದ ಮರದ ಲೇನನ್ನು ದಿಟ್ಟಿಸಿದರು.

"ಹೇಗೆ ಹೊಳೀತಿದೆ ನೋಡಿ. ಲೇನಿಗೆ ಹಾಕಿರೋ ಎಣ್ಣೆ ಜಾಸ್ತಿ, ಚೆಂಡು ತಿರುಗದೆ ಜಾರಿಬಿಡುತ್ತೆ. ಇಲ್ಲಿ ಚೆನ್ನಾಗಿ ತಿರುಗೋ ಚೆಂಡೇ ಬೇಕು. ಒಣ ಲೇನಲ್ಲಿ ಇದು ಸಿಕ್ಕಾಪಟ್ಟೆ ತಿರುಗುತ್ತೆ, ಅಲ್ಲಿಗೆ ನೇರ ಹೋಗೋ ಚೆಂಡು."

"ಸಾರ್, ಲೇನು..." ಎಂದರು ಕ್ಲಬ್ಬಿನ ಕೆಲಸದ ಸಾಕಮ್ಮ.

"ಇದು ವಿಜ್ಞಾನ, ಸುಮ್ನಿರಮ್ಮ."

ರಾಯರು ಉರುಳಿಸಿದ ಚೆಂಡು ವಿಜ್ಞಾನದ ಸಮೇತ ಅರ್ಧ ದಾರಿಯಲ್ಲೇ ಗಕ್ಕನೆ ತಿರುಗಿ ಪಕ್ಕದ ಕಾಲುವೆಗೆ ಬಿತ್ತು. ಹತ್ತು ಪಿನ್ನುಗಳೂ ನೆಟ್ಟಗೆ ನಿಂತಿದ್ದವು. ಕಾರ್ಯದರ್ಶಿಗಳು ಅರ್ಜಿಯನ್ನು ಮಡಚಿಟ್ಟರು.

"ಎಣ್ಣೆ ಎಲ್ಲಿ ಹೋಯ್ತು?" ರಾಯರು ಕಿರುಚಿದರು.

"ಎಣ್ಣೆ ಹಾಕೋ ಮಿಷನ್ನು ಕೆಟ್ಟು ಮೂರು ದಿನ ಆಯ್ತು ಸಾರ್," ಎಂದರು ಸಾಕಮ್ಮ.

"ಮತ್ತೆ ಆ ಹೊಳಪು?"

"ದೊಡ್ಡ ಕೋಚು ಬರ್ತಾರೆ ಅಂದಿದ್ರು. ಬೆಳಿಗ್ಗೆಯಿಂದ ತಿಕ್ಕಿ ತಿಕ್ಕಿ ಒರೆಸಿದ್ದೆ."